ಕೊನೆಗಾರ ಗೋಪಾಲಪ್ಪನವರ ಬಲಗೈ

ಗೋಪಾಲಪ್ಪನವರನ್ನು ನಾನು ಮೊದಲು ನೋಡಿದ್ದು ಸಾಗರದ ಒಂದು ಆಸ್ಪತ್ರೆಯಲ್ಲಿ, ನಾನು ಕೆಲಸ ಮಾಡುವ, ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆಯುವ ಕೋಣೆಯಲ್ಲಿ. ಚಪ್ಪಲಿ ಹೊರಗೇ ಬಿಟ್ಟು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಅಂಗಿಯ ತೋಳಿನ ಮೇಲೆ ಅಡಿಕೆ ಬೇಯಿಸಿದ ಚೊಗರಿನ ಕಂದು ಕಲೆ. ಹೊಸನಗರದ ಕಡೆಯವರು, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವ ಕೊನೆಗಾರ. ಆ ವರ್ಷ ಮರದ ಮೇಲಿದ್ದಾಗ ಕೈಹಿಡಿತ ಸಡಿಲವಾಗತೊಡಗಿತ್ತು. ಇನ್ನು ಹತ್ತಬಹುದೋ ಇಲ್ಲವೋ ತಿಳಿಯಲೆಂದು ಹೆಂಡತಿ ಕನ್ನಮ್ಮ ಕರೆತಂದಿದ್ದರು.

ಮುಂಗೈಗೆ ಎಲೆಕ್ಟ್ರೋಡ್ ಅಂಟಿಸಿ, ಹಿಡಿಬಲ ಅಳೆಯುವ ಉಪಕರಣವನ್ನು ಕೈಗೆ ಕೊಟ್ಟು, ಮುಳ್ಳು ಗುರುತಿನಲ್ಲೇ ನಿಲ್ಲುವಂತೆ ಒತ್ತಿ ಹಿಡಿದಿರಲು ಹೇಳಿದೆ. ಸ್ವಲ್ಪ ಹೊತ್ತಿಗೇ ಕೈ ನಡುಗತೊಡಗಿತು. ಮುಳ್ಳು ಕದಲಲಿಲ್ಲ. ಪರದೆಯ ಮೇಲಿನ ಅಲೆಗಳು ಮಾತ್ರ ಎತ್ತರವಾಗುತ್ತ, ನಿಧಾನವಾಗುತ್ತ ಹೋದವು.

“ನೋಡೇ, ಗೆರೆ ದೊಡ್ಡದಾತು! ಕಸುವು ಬಂತು,” ಎಂದು ಹೆಂಡತಿಯತ್ತ ತಿರುಗಿ ನಕ್ಕರು.

“ಅದು ಕಸುವಲ್ಲ ಗೋಪಾಲಣ್ಣ, ಸುಸ್ತು. ಅಷ್ಟೇ ಭಾರ ಹಿಡಿಯೋಕೆ ಒಳಗಿನ ಮಾಂಸದ ಎಳೆಗಳು ಒಂದೊಂದಾಗಿ ಬಂದು ಕೈ ಹಾಕ್ತಾ ಇದಾವೆ. ಅದ್ಕೇ ಗೆರೆ ದೊಡ್ಡದು.”

“ಹಂಗಾರೆ ಒಳಗೆ ಆಳು ಬಾಳ ಅದಾರೆ ಅನ್ನು ತಂಗಿ.”

“ಎಲ್ಲ ಬಂದಾಯ್ತು. ಮನೇಲಿ ಯಾರೂ ಉಳಿದಿಲ್ಲ.”

ಅಷ್ಟರಲ್ಲಿ ಮುಳ್ಳು ಸರ್ರನೆ ಇಳಿಯಿತು. ಅವರು ಮತ್ತೆ ನಗಲಿಲ್ಲ.

ಮೊಣಕೈ ಬಳಿ ನರ ಒತ್ತಿಹೋಗಿದೆ, ಮರ ಹತ್ತಲೇಬೇಡಿ ಎಂದರು ವೈದ್ಯರು. ಗೋಪಾಲಪ್ಪ ಒಪ್ಪಲಿಲ್ಲ. ಕೊನೆಗಾರರು ಮರಮರಕ್ಕೂ ನೆಲಕ್ಕಿಳಿಯುವವರಲ್ಲ; ಹತ್ತಿದ ಮರವನ್ನೇ ತೂಗಿ, ಪಕ್ಕದ ಮರವನ್ನು ಹಿಡಿದು ದಾಟುತ್ತಾರೆ. “ನಾನು ದಾಟಲ್ಲ. ಒಂದೊಂದಕ್ಕೂ ಇಳಿದು, ಸುಧಾರಿಸ್ಕಂಡು ಹತ್ತೀನಿ,” ಎಂದು ಕನ್ನಮ್ಮನಿಗೆ ಮಾತು ಕೊಟ್ಟು ಹೋದರು.

ಮುಂದಿನದನ್ನು ಕನ್ನಮ್ಮ ನನಗೆ ಹೇಳಿದ್ದು ಕೊಯ್ಲು ಮುಗಿದ ಮೇಲೊಂದು ದಿನ, ಅದೇ ಕೋಣೆಯ ಹೊರಗಿನ ಬೆಂಚಿನ ಮೇಲೆ. ಕೊಯ್ಲಿನ ದಿನ ಅವರು ಹೇಳಿದಂತೆಯೇ ಇಳಿದಿಳಿದು ಹತ್ತಿದರಂತೆ. ಕೆಳಗೆ ಕೊನೆ ಇಳಿಸುವ ಹಗ್ಗ ಹಿಡಿದಿದ್ದವನು ಕನ್ನಮ್ಮನ ತಮ್ಮ ರಾಜು.

“ಎಂತ ಭಾವ, ಏಣಿ ತರ್ಲಾ?” ಎಂದ.

ತೋಟದಲ್ಲಿದ್ದವರೆಲ್ಲ ನಕ್ಕರು. ಮುಂದಿನ ಮರದಿಂದ ಗೋಪಾಲಪ್ಪ ಇಳಿಯಲಿಲ್ಲ. ಮರ ತೂಗಿ ಪಕ್ಕದ್ದನ್ನು ಹಿಡಿದರು. ಹಿಡಿತ ನಿಲ್ಲಲಿಲ್ಲ; ನೆಲಕ್ಕೆ ಬಿದ್ದರು.

“ರಾಜು ಈಗ ಮಾತೇ ಆಡಲ್ಲ,” ಎಂದರು ಕನ್ನಮ್ಮ. “ದಿನಾ ಬೆಳಿಗ್ಗೆ ಬತ್ತಾನೆ. ಅವರನ್ನ ಎತ್ತಿ ಕೂರ್ಸಿ ಹೋಗ್ತಾನೆ.”

ಗೋಪಾಲಪ್ಪನವರಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಈಗ ಮನೆಯ ಮುಂದೆ ಕುಳಿತು, ಬೇರೆಯವರು ಇಳಿಸಿದ ಕೊನೆಗಳಿಂದ ಅಡಿಕೆ ಬಿಡಿಸುತ್ತಾರೆ. ಕೈ ಸೋತಾಗ ನಿಲ್ಲಿಸುತ್ತಾರೆ.