ತಟ್ಟೆಯಲ್ಲಿ ಇಲ್ಲದ ಇರುವೆ

ಆ ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಅಂಗಳಕ್ಕೆ ನೀರು ಹಾಕಿ, ಆರು ರೊಟ್ಟಿ ಬಡಿದಿದ್ದೆ. ಪಲ್ಯ ಇನ್ನೂ ಒಲೆಯ ಮೇಲಿತ್ತು. ನಮ್ಮ ಮನೆಯವರು ಸ್ನಾನ ಮುಗಿಸಿ ತಟ್ಟೆಯ ಮುಂದೆ ಕೂತರು. ಆಳಂದದ ಒಬ್ಬ ಕಾಳಿನ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ತೊಗರಿ ನೋಡುವುದು ಅವರ ಕೆಲಸ. ರೈತರು ತಂದ ಚೀಲದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ, ಯಾವುದು ಹುಳ ಹಿಡಿದದ್ದು, ಯಾವುದು ಜೊಳ್ಳು ಎಂದು ಬರೀ ಕಣ್ಣಿನಲ್ಲೇ ಹೇಳುವವರು.

ರೊಟ್ಟಿಯ ಅಂಚನ್ನು ಬೆರಳಿನಿಂದ ಒರೆಸಿದರು. ಮತ್ತೆ ಒರೆಸಿದರು.

“ಇರುವಿ ಅದ ನೋಡು ಇಲ್ಲಿ. ಸಕ್ಕರಿ ಡಬ್ಬಿ ಮುಚ್ಚಂಗಿಲ್ಲ ನೀ.”

ಬೇರೆ ತಟ್ಟೆ ಕೊಟ್ಟೆ. ಅದರಲ್ಲೂ ಓಡುತ್ತಿದೆ ಎಂದರು. ಗೋಡೆಯ ಕಡೆ ನೋಡಿದರೆ ಅಲ್ಲೂ ಇತ್ತಂತೆ.

ಇರುವೆ ಇರಲಿಲ್ಲ.

ಒಂಬತ್ತರ ಬಸ್ಸಿಗೆ ಕಲಬುರಗಿಗೆ ಹೋದೆವು. ಹೊಸ ಚಷ್ಮಾ ಬರೆದುಕೊಡುತ್ತಾರೆ ಎಂದೇ ತಿಳಿದಿದ್ದೆವು. ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಷೀನಿನೊಳಗೆ ಬಹಳ ಹೊತ್ತು ನೋಡಿದರು. ಅವರ ಕಾಲು ನೆಲಕ್ಕೆ ತಾಳ ಹಾಕುತ್ತಿತ್ತು. ಅದು ಥಟ್ಟನೆ ನಿಂತಿತು.

“ಕಾಕಾ, ಬಿಪಿ ಗುಳಿಗಿ ತಗೋತೀರಿಲ್ರಿ?”

ನಮ್ಮ ಮನೆಯವರು ನನ್ನ ಕಡೆ ತಿರುಗಿದರು.

ನಮ್ಮ ಓಣಿಯಲ್ಲಿ ಡಾಕ್ಟರರ ಚೀಟಿ ಓದುವವಳು ನಾನು. ಕಾನ್ವೆಂಟ್ ಸಿಸ್ಟರುಗಳ ಶಾಲೆಯಲ್ಲಿ ಕಲಿತ ಇಂಗ್ಲಿಷು ನನ್ನದು. ಯಾರ ಮನೆಯ ರಿಪೋರ್ಟಾದರೂ ಮೊದಲು ನನ್ನ ಅಡುಗೆಮನೆಗೆ ಬರುತ್ತದೆ. ಶ್ರಾವಣದಲ್ಲಿ ಇವರ ಚೀಟಿಯ ಮೇಲೆ ‘ಬಿಪಿ ನಾರ್ಮಲ್’ ಎಂದಿತ್ತು. ಗುಳಿಗೆ ನುಂಗುತ್ತಿದ್ದುದರಿಂದಲೇ ಅದು ನಾರ್ಮಲ್ ಎಂಬುದು ನನಗೆ ಹೊಳೆಯಲಿಲ್ಲ. “ಆರಾಮಾಗೀರಿ, ಇನ್ನ ಗುಳಿಗಿ ಬ್ಯಾಡ್ರಿ” ಎಂದೆ. ಅವರು ಡಾಕ್ಟರರನ್ನು ಕೇಳಲಿಲ್ಲ. ನಾನು ಓದಿದ ಮೇಲೆ ಮತ್ತೊಬ್ಬರನ್ನು ಕೇಳುವುದೇನಿತ್ತು?

ಗುಳಿಗೆ ಬಿಡಿಸಿದವಳು ನಾನೇ.

ಡಾಕ್ಟರ್ ಕಂಪ್ಯೂಟರಿನಲ್ಲಿ ಫೋಟೊ ತೋರಿಸಿದರು. ಕಿತ್ತಳೆ ಬಣ್ಣದ ದುಂಡು. ಅದರ ತುಂಬ ಕೂದಲೆಳೆಯಂಥ ಕೆಂಪು ಗೆರೆಗಳು, ಕೆಲವು ಕಡೆ ಹಿಂಡಿದಂತೆ ಸಣ್ಣಗಾಗಿದ್ದವು. ಪಕ್ಕದಲ್ಲಿ ರಕ್ತದ ಕಲೆ; ಇವರ ಕಣ್ಣಿಗೆ ಇರುವೆಯಾಗಿ ಓಡುತ್ತಿದ್ದುದು ಅದೇ ಎಂದರು.

“ಮೈಯಾಗಿನ ಸಣ್ಣ ರಕ್ತನಾಳ ಕೊಯ್ಯದs ನೋಡಾಕ ಸಿಗೋದು ಇಲ್ಲಿ ಒಂದs ರೀ, ಕಾಕು. ಇಲ್ಲಿ ಹಿಂಗ ಆಗ್ಯಾವಂದ್ರ ಎದಿ, ಕಿಡ್ನಿನೂ ನೋಡಬೇಕಾಗ್ತದ. ಇವತ್ತs ತೋರಸ್ರಿ.”

ಬಿಪಿ ಇನ್ನೂರರ ಹತ್ತಿರವಿತ್ತು. ಪಕ್ಕದ ರಸ್ತೆಯ ಹಾರ್ಟ್ ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಆದವು. ಹಾರ್ಟಿನ ಗೋಡೆ ದಪ್ಪವಾಗಿದೆ, ಪಂಪಿಂಗ್ ಕಡಿಮೆಯಾಗಿದೆ ಎಂದರು. ಎರಡು ಹೊಸ ಗುಳಿಗೆ, ಎರಡು ದಿನ ಬಿಟ್ಟು ಮತ್ತೆ ಬರಬೇಕು. ಆ ರಿಪೋರ್ಟಿನ ಒಂದೊಂದು ಅಕ್ಷರವೂ ನನಗೆ ಓದಲು ಬರುತ್ತಿತ್ತು. ಮಡಚಿ ಚೀಲದಲ್ಲಿಟ್ಟೆ. ಡಾಕ್ಟರರ ಬಾಯಿಂದಲೇ ಎರಡು ಸಲ ಹೇಳಿಸಿಕೊಂಡೆ.

ಮರಳುವ ಬಸ್ಸಿನಲ್ಲಿ, ಡ್ರಾಪ್ಸ್ ಹಾಕಿದ ಕಣ್ಣಿಗೆ ಬಿಸಿಲು ತಾಳಲಾರದೆ ಇವರು ತಲೆಯ ಮೇಲೆ ಟವೆಲು ಎಳೆದುಕೊಂಡಿದ್ದರು.

“ನನ್ನಿಂದ ಆತು,” ಎಂದೆ.

“ನಿನ್ನೊಬ್ಬಾಕಿಯಿಂದs ಯಾಕ? ಗುಳಿಗಿ ಬ್ಯಾಡ ಅಂದಿದ್ದಕ್ಕ ನಾನೂ ಖುಷಿಲೆ ಪೇಢೆ ತಿಂದಿದ್ದೆ.” ಟವೆಲಿನೊಳಗಿಂದಲೇ ಕೇಳಿದರು, “ನಾಳೆ ಚೀಲ ಬಿಚ್ಚಿದ್ರ ಕಾಳು ಯಾವುದು, ಇರುವಿ ಯಾವುದು ಅಂತ ಹೆಂಗ ಹೇಳಲಿ?”

ಅವರ ಮೊಣಕೈ ಹಿಡಿದು ಕೂತೆ.

ಇದನ್ನು ಬರೆಯುವ ಹೊತ್ತಿಗೆ ಕಣ್ಣಿನ ಕಲೆ ಅರ್ಧ ಕರಗಿದೆ. ಅಷ್ಟಕ್ಕೆ ದೇವರಿಗೆ ಕೈ ಮುಗಿಯುತ್ತೇನೆ. ಹಾರ್ಟಿನ ಮಾತು ಬಂದರೆ ಡಾಕ್ಟರ್ “ನೋಡೋಣು” ಎನ್ನುತ್ತಾರೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ರಾತ್ರಿ ಇವರ ಉಸಿರು ಒಂದು ಕ್ಷಣ ತಡವಾದರೆ ನಾನು ಎದ್ದು ಕೂರುತ್ತೇನೆ.

ಕಲಬುರಗಿಯಿಂದ ಬಂದ ಆ ಸಂಜೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಇವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದ ಮನೆಯ ಶಾಹೀನ್ ಹೆಪ್ಪಿಗೆಂದು ಮೊಸರು ಕೇಳಲು ಬಂದಳು.

“ಅರೆ ಭಾಯಿ, ಗಾಗಲ್ ಹಾಕ್ಕೊಂಡು ಹೀರೋ ಆಗೀರಲ್ರಿ!”

ಅವರು ನಕ್ಕರು. ಎಲ್ಲಿಗೆ ಹೋಗಿದ್ದಿರೆಂದು ಕೇಳಿದಳು. ಕಣ್ಣಿನ ದವಾಖಾನೆಗೆ ಎಂದೆ. ಉಳಿದದ್ದು ಬಾಯಿಗೆ ಬರಲಿಲ್ಲ. ಬಟ್ಟಲು ತೆಗೆದುಕೊಂಡು ಮೆಟ್ಟಿಲಿಳಿಯುತ್ತ ಅವಳೆಂದಳು:

“ಬರೇ ಕಣ್ಣಿಂದs ಅಲ್ರಿ ಭಾಭಿ? ಹಾರ್ಟಿಂದಾಗಿದ್ರ ಫಿಕರ್ ಮಾಡಬೇಕಿತ್ತು.”