ಖಾರವಿಲ್ಲದ ಕೋಳಿ

ಖಾರ ಹಾಕದೆ ಕೋಳಿ ಬೇಯಿಸುತ್ತೇನೆ ಎಂದು ನಾನು ಹೇಳಿದ ದಿನ ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು, ಜ್ವರಗಿರ ಬಂದಿದೆಯೇನೋ ಎಂದು. ತಮಾಷೆಗಲ್ಲ, ನಿಜವಾಗಿಯೂ ಮುಟ್ಟಿ ನೋಡಿದರು.

"ಮೈ ಬರೋಬ್ಬರಿ ಅದ," ಎಂದರು. "ತಲಿ ಅಷ್ಟ ಕೆಟ್ಟದ."

ಅತ್ತೆಯ ತವರು ಆಳಂದದ ಕಡೆ, ನನ್ನ ತವರು ಅಫಜಲಪುರ ತಾಲೂಕಿನ ಮಣ್ಣೂರ, ಇಬ್ಬರೂ ಬಂದು ಸೇರಿದ್ದು ಜೇವರ್ಗಿಯ ಈ ಮನೆಗೆ. ಉಪ್ಪಿನಿಂದ ಹಿಡಿದು ಕಸಬರಿಗೆ ಇಡುವ ಮೂಲೆಯ ತನಕ ನಮ್ಮಿಬ್ಬರಿಗೆ ಯಾವುದರಲ್ಲೂ ಒಮ್ಮತವಿಲ್ಲ. ಮಸಾಲೆ ಖಾರದ ಮಾತು ಬಂದರೆ ಮಾತ್ರ ಒಂದಾಗುತ್ತೇವೆ. ಬೇಸಿಗೆಯಲ್ಲಿ ಅಂಗಳದ ತುಂಬ ಮೆಣಸಿನಕಾಯಿ ಒಣಗಿಸಿ, ಕೊಬ್ಬರಿ, ಕೊತ್ತಂಬರಿ ಬೀಜ ಹುರಿದು, ಇಡೀ ಓಣಿ ಸೀನುವ ಹಾಗೆ ಕುಟ್ಟಿಸಿ ಡಬ್ಬಿ ತುಂಬಿದರೇ ನಮಗೆ ವರ್ಷ ಕಳೆಯುವ ಧೈರ್ಯ. ಅಂಥ ಮನೆಯಲ್ಲಿ ನಾನು ಕೋಳಿಗೆ ಖಾರ ಬೇಡ ಎಂದರೆ ಅತ್ತೆ ಹಣೆ ಮುಟ್ಟದೆ ಇನ್ನೇನು ಮಾಡಿಯಾರು!

ಆದರೆ ಕಾರಣ ಅವರಿಗೂ ಗೊತ್ತಿತ್ತು. ಕಾರಣ ಅವರ ಮಗನೇ.

ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇದೆ. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತುತ್ತಾರೆ. ತಂತಿ ಸುತ್ತುವಾಗ ಕೈ ಎರಡೂ ಕೆಲಸದಲ್ಲಿ, ಬಾಯಿ ಮಾತ್ರ ಖಾಲಿ. ಆ ಖಾಲಿ ಬಾಯಿಗೆ ಗುಟ್ಕಾ ಬಂದು ಸೇರಿತು. ನಾನು ಬೈದೆ, ಅತ್ತು ಕರೆದೆ, ಜೇಬು ತಡಕಿ ಗುಟ್ಕಾ ಚೀಟಿಗಳನ್ನು ಒಲೆಗೆ ಹಾಕಿದೆ. ಏನೂ ನಡೆಯಲಿಲ್ಲ. ಕೊನೆಗೆ ಬಾಯಿಯೇ ಬಂದ್ ಆಯಿತು. ಆಕಳಿಸಲು ಹೋದರೆ ತೆರೆಯದು. ಕಲಬುರಗಿಯ ಡಾಕ್ಟರು ಒಳಗೆ ಬ್ಯಾಟರಿ ಬಿಟ್ಟು ನೋಡಿ, ಕೆನ್ನೆಯ ಒಳಚರ್ಮ ಬಿಗಿದು ಗಟ್ಟಿಯಾಗಿದೆ, ದೇವರು ದೊಡ್ಡವನು, ಇನ್ನೂ ಕ್ಯಾನ್ಸರ್ ಆಗಿಲ್ಲ, ಇವತ್ತೇ ಬಿಟ್ಟರೆ ಉಳಿದೀರಿ ಎಂದರು. ಅವತ್ತೇ ಬಿಟ್ಟರು. ಅಷ್ಟರ ಮಟ್ಟಿಗೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಮುಂಜಾನೆ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಸಿಕ್ಕಿಸಿಕೊಂಡು ಬಾಯಿ ಹಿಗ್ಗಿಸುವ ಕಸರತ್ತು ಮಾಡುತ್ತಾರೆ. ಆದರೆ ಖಾರ ಮಾತ್ರ ಒಂದಿಷ್ಟೂ ತಾಗುವಂತಿಲ್ಲ. ತಾಗಿದರೆ ಬಾಯೆಲ್ಲ ಬೆಂಕಿ.

ಖಾರ ಹೋಗಿದ್ದಕ್ಕೆ ನನಗೆ ದುಃಖವಿರಲಿಲ್ಲ. ಖಾರದ ಜೊತೆಗೆ ಮನುಷ್ಯನೂ ಎದ್ದು ಹೋಗಿದ್ದ, ಅದಕ್ಕೆ ದುಃಖ. ಮೊದಲು ಅಡುಗೆಮನೆಯ ನೆಲದ ಮೇಲೆ ನಾವಿಬ್ಬರು, ಅತ್ತೆ, ಮಗಳು, ನಾಲ್ವರೂ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಈಗ ಅವರು ಹಾಲು ಹಾಕಿ ಹಿಸುಕಿದ ಅನ್ನದ ಬಟ್ಟಲು ಹಿಡಿದು ಮುಂದಿನ ಕೋಣೆಗೆ ಹೋಗಿ, ನಮಗೆ ಬೆನ್ನು ಮಾಡಿ ಕೂರುತ್ತಿದ್ದರು. ಕರೆದರೆ, "ನೀವು ಉಣ್ರಿ, ನಂದು ತಡ ಆಗ್ತದ," ಎನ್ನುವುದು ಒಂದೇ ಮಾತು. ತಡವಾಗುತ್ತದೆ, ಸುಳ್ಳಲ್ಲ. ಸಣ್ಣ ಸಣ್ಣ ತುತ್ತು, ಪ್ರತಿ ತುತ್ತಿಗೂ ನೀರು, ತುಟಿಯ ಪಕ್ಕದಿಂದ ಒಂದಿಷ್ಟು ಚೆಲ್ಲುವುದು. ಅದನ್ನು ಮಗಳು ನೋಡಬಾರದು ಎಂಬ ನಾಚಿಕೆ ಅವರಿಗೆ. ನೆಲೋಗಿಯಲ್ಲಿ ಸ್ವಂತ ಅಕ್ಕನ ಮಗನ ಮದುವೆಗೆ ಹೋಗಿ, ಅಕ್ಕಿಕಾಳು ಹಾಕಿ, ಊಟದ ಹೊತ್ತಿಗೆ ಸರಿಯಾಗಿ ಬಸ್ ಹತ್ತಿ ಬಂದುಬಿಟ್ಟರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟೇ ಹೆಚ್ಚು. ಅವರನ್ನು ಮತ್ತೆ ನಮ್ಮ ಸಾಲಿನಲ್ಲಿ ಕೂರಿಸಬೇಕು, ಎಲ್ಲರ ತಾಟಿನಲ್ಲಿ ಇರುವುದೇ ಅವರ ತಾಟಿನಲ್ಲೂ ಇರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಶನಿವಾರ ಬಂದವಳು ಫೋನಿನಲ್ಲಿ ಒಂದು ಅಡುಗೆ ತೋರಿಸಿದಳು. ಬಿಳಿಯ ಹೆಂಗಸೊಬ್ಬಳು ಒಂದೇ ಕಬ್ಬಿಣದ ಪಾತ್ರೆಯಲ್ಲಿ ಕೋಳಿ ಹುರಿದು, ಅದರಲ್ಲೇ ಬೆಳ್ಳುಳ್ಳಿ, ಟೊಮ್ಯಾಟೊ, ಏನೋ ಒಣಗಿದ ಎಲೆಪುಡಿ ಹಾಕಿ, ಮೇಲೆ ಕೆನೆ ಸುರಿದು ಇಳಿಸಿಬಿಟ್ಟಳು. ಇಡೀ ಅಡುಗೆಯಲ್ಲಿ ಒಂದು ಮೆಣಸಿನಕಾಯಿ ಕಾಣಲಿಲ್ಲ.

"ಇಟಲಿ ಕಡೀದು, ಆಯಿ," ಎಂದು ಅಜ್ಜಿಗೆ ತೋರಿಸಿದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಪಾಪ, ಆ ಕಡಿ ಮೆಣಸಿನಕಾಯಿ ಬೆಳ್ಯಂಗಿಲ್ಲೇನ?" ಎಂದರು.

ಎಲೆಪುಡಿಗೆ ಎಲ್ಲಿಗೆ ಹೋಗುವುದು ಎಂದು ನಾನು ಯೋಚಿಸುತ್ತಿದ್ದರೆ ಮಗಳು ಬ್ಯಾಗಿನಿಂದ ಪುಟ್ಟ ಪುಟ್ಟ ಪೊಟ್ಟಣಗಳ ಒಂದು ಮುಷ್ಟಿ ತೆಗೆದು ನನ್ನ ಕೈಗೆ ಸುರಿದಳು. ಗೆಳತಿಯರ ಜೊತೆ ಪಿಜ್ಜಾ ತಿಂದಾಗೆಲ್ಲ ಅದರ ಜೊತೆ ಕೊಡುವ ಎಲೆಪುಡಿಯಲ್ಲಿ ಉಳಿದದ್ದನ್ನು ಕೂಡಿಟ್ಟಿದ್ದಳಂತೆ. ಓದಿನಲ್ಲಿ ಇಷ್ಟು ಜೋಪಾನ ಇದ್ದಿದ್ದರೆ ಎಂದುಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಕೆಲಸ ಆಗಬೇಕಿತ್ತಲ್ಲ.

ಭಾನುವಾರ ಸಂಜೆ ಕೋಳಿ ಅಂಗಡಿಗೆ ಹೋಗಿ, ಎಲುಬು ತೆಗೆದು ಸಣ್ಣದಾಗಿ, ಗೋಡಂಬಿಯಷ್ಟು ಸಣ್ಣದಾಗಿ ಕತ್ತರಿಸಿ ಕೊಡಿ ಎಂದೆ. ಅಂಗಡಿಯವನ ಕತ್ತಿ ಮೇಲೆಯೇ ನಿಂತಿತು.

"ಎಲುಬು ತೆಗದ್ರ ಕೋಳಿದಾಗ ಏನ ಉಳೀತದ್ರೀ ಅಕ್ಕೋರ?"

"ಉಳದಿದ್ದ ನನಗ ಕೊಡ್ರಿ. ಎಲುಬಿಗೂ ರೊಕ್ಕ ಕೊಡ್ತೇನಿ, ಮಾರಿ ಸಣ್ಣ ಮಾಡಬ್ಯಾಡ್ರಿ," ಎಂದೆ. ನಗುತ್ತಾ ಕತ್ತರಿಸಿದ.

ನಮ್ಮಲ್ಲಿ ಆ ಹೆಂಗಸಿನ ಪಾತ್ರೆ ಎಲ್ಲಿಂದ ಬರಬೇಕು? ಕಬ್ಬಿಣದ ಕಡಾಯಿಯನ್ನೇ ತಿಕ್ಕಿ ತೊಳೆದು ಒಲೆಗಿಟ್ಟೆ. ಬೆಣ್ಣೆಯಲ್ಲಿ ಕೋಳಿಯ ತುಂಡುಗಳನ್ನು ಹೊಂಬಣ್ಣ ಬರುವ ತನಕ ಹುರಿದು ತೆಗೆದೆ. ಅದೇ ಬೆಣ್ಣೆಗೆ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ. ಟೊಮ್ಯಾಟೊ ಹುಳಿಯೂ ಅವರಿಗೆ ಚುರ್ ಎನ್ನುತ್ತದೆಂದು ಹಣ್ಣಾದವನ್ನೇ ಆರಿಸಿ, ಕುದಿಸಿ, ಸಿಪ್ಪೆ ತೆಗೆದು, ಚಿಟಿಕೆ ಬೆಲ್ಲ ಹಾಕಿ, ಎಣ್ಣೆ ಬಿಡುವ ತನಕ ಬೇಯಿಸಿದೆ. ಪೊಟ್ಟಣಗಳನ್ನು ಹರಿದು ಎಲೆಪುಡಿ ಉದುರಿಸಿದಾಗ ಅಡುಗೆಮನೆ ಇದ್ದಕ್ಕಿದ್ದಂತೆ ಬೇರೆಯವರ ಮನೆಯಾಯಿತು. ಅತ್ತೆ ಮೂಗು ಏರಿಸಿದರು. "ಓಮದ ಗಿಡದ ವಾಸನಿ ಬರ್ತದ," ಎಂದರು. ಅವರು ಹೇಳಿದ್ದು ಸುಳ್ಳೇನಲ್ಲ, ಅದೇ ಜಾತಿಯ ಘಮ. ಕೋಳಿಯನ್ನು ಮತ್ತೆ ಕಡಾಯಿಗೆ ಹಾಕಿ ಮುಚ್ಚಿ, ಎಮ್ಮೆ ಹಾಲಿನ ಕೆನೆಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತೋಳು ಬಿಗಿಯಾಯಿತೆಂದು ಬಂದಿದ್ದ ಹೆಂಗಸಿಗೆ, ಬಿಗಿಯಾದದ್ದು ತೋಳಲ್ಲ, ನೀನೇ ತುಸು ದಪ್ಪಗಾಗಿದ್ದಿ ಎಂದು ನಯವಾಗಿ ಹೇಳಿ ಕಳಿಸುವಷ್ಟರಲ್ಲಿ ಒಂದಿಷ್ಟು ಹೊತ್ತಾಯಿತು. ಒಳಗೆ ಬಂದು ಮುಚ್ಚಳ ತೆಗೆದೆ. ಕಡಾಯಿಯಲ್ಲಿ ಕೆಂಪಗೆ, ಧಗಧಗ ಕೆಂಪಗೆ, ನಮ್ಮ ಮನೆಯ ಕೋಳಿ ಸಾರು ಕುದಿಯುತ್ತಿತ್ತು.

"ಅತ್ತೀ, ಇದರಾಗ ಏನ ಹಾಕೀರಿ?"

"ಏನ ಹಾಕ್ಲಿ? ಜರಾ ಖಾರ."

"ಜರಾ ಅಂದ್ರ?"

ಅತ್ತೆ ಕೈಯಲ್ಲಿದ್ದ ಚಮಚ ತೋರಿಸಿದರು. ಅದು ಅನ್ನ ಬಡಿಸುವ ಚಮಚ.

ನಾನು ಹಾರಾಡಿಬಿಟ್ಟೆ. ಓಣಿಯ ಕೊನೆಯ ಮನೆಗೂ ಕೇಳಿಸಿರಬೇಕು. ಹೆತ್ತ ಮಗನ ಬಾಯಿಗೆ ಕೊಳ್ಳಿ ಇಟ್ಟಿರಿ ಎಂದೆ. ಅದಕ್ಕಿಂತ ಕಡಿಮೆ ಮಾತು ನನಗೆ ಆಗ ಸಿಗಲಿಲ್ಲ. ಅತ್ತೆಯೂ ಬಿಡಲಿಲ್ಲ.

"ಸಪ್ಪಂದು ತಿಂದು ತಿಂದು ಹೆಂಗ ಸೊರಗ್ಯಾನ, ನಿನ್ನ ಕಣ್ಣಿಗಿ ಕಾಣ್ಸಂಗಿಲ್ಲೇನ ಬೇ? ನನ್ನ ಕೈಲೆ ಉಂಡು ಬೆಳದಾಂವ ಅವ. ಒಂದ ತುತ್ತರ ರುಚಿಲೆ ಉಣ್ಲಿ ಅಂತ ಹಾಕಿದೆ. ಇಷ್ಟೀಟು ಖಾರಕ್ಕ ಯಾರೂ ಸಾಯಂಗಿಲ್ಲ!"

ಮಗಳು ನಡುವೆ ಬಂದಳು. ಅವಳು ಕೂಗಲಿಲ್ಲ.

"ಆಯಿ, ಪಪ್ಪಗ ಹೆಂಗ ಉರೀತದ ನೀ ನೋಡೀಯೇನ? ನಾ ನೋಡೀನಿ. ಉಪ್ಪಿಟ್ಟಿನಾಗ ಒಂದ ಹಸಿಮೆಣಸಿನಕಾಯಿ ತುಂಡ ಬಂದಿತ್ತು. ಪಪ್ಪ ಹಿತ್ತಲದಾಗ ಹೋಗಿ ಬಾಯಾಗ ನೀರ ಹಿಡ್ಕೊಂಡ ನಿಂತಿದ್ದ. ಅಳಾಕತ್ತಿದ್ದ, ಆಯಿ. ಖರೇನ ಅಳಾಕತ್ತಿದ್ದ."

ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಮಗ ಬೆನ್ನು ಮಾಡಿ ಕೂತು ಉಣ್ಣುವುದರಿಂದ, ಉಣ್ಣುವಾಗಿನ ಅವನ ಮುಖವನ್ನು ಅವರು ನೋಡಿಯೇ ಇರಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಅತ್ತೆ ಸೀರೆಯ ಸೆರಗು ಸಿಕ್ಕಿಸಿ ಕೂತರು. ಕೋಳಿಯ ತುಂಡುಗಳನ್ನು ಒಂದೊಂದಾಗಿ ಆರಿಸಿ ಜರಡಿಗೆ ಹಾಕಿ, ಬಿಸಿನೀರು ಸುರಿದು ತೊಳೆದರು. ಆಮೇಲೆ ಹಾಲಲ್ಲಿ ಅದ್ದಿ ತೆಗೆದರು. ಕೆಂಪು ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿದಾಗ, ಅದನ್ನು ನಾವು ಮೂವರೂ ಉಂಡರಾಯಿತಲ್ಲ ಎಂದಳು ಮಗಳು. ಅತ್ತೆ ತಲೆ ಅಲ್ಲಾಡಿಸಿದರು. "ಇವತ್ತ ಎಲ್ಲಾರಿಗೂ ಒಂದ ಅಡಗಿ," ಎಂದು ಆ ಪಾತ್ರೆಯನ್ನು ಪಕ್ಕದ ಮನೆಗೆ ಕಳಿಸಿಯೇಬಿಟ್ಟರು. ಉಳಿದಿದ್ದ ಟೊಮ್ಯಾಟೊ, ಉಳಿದಿದ್ದ ಪೊಟ್ಟಣ, ಇಡೀ ಬಟ್ಟಲು ಕೆನೆ. ಎರಡನೆಯ ಸಲ ಕಡಾಯಿ ಒಲೆ ಏರಿತು. ಈ ಸಲ ಸೌಟು ಆಡಿಸಿದವರು ಅತ್ತೆ. ನಾನು ರೊಟ್ಟಿ ಬಡಿಯಲು ಕೂತೆ.

ಬಣ್ಣವೇನೋ ತಿಳಿ ಕೇಸರಿಗೆ ಬಂತು. ಆದರೆ ತುಂಡುಗಳಲ್ಲಿ ಹಿಡಿದುಕೊಂಡ ಖಾರ ಪೂರ್ತಿ ಹೋಗಿದೆಯೋ ಇಲ್ಲವೋ? ಅತ್ತೆ ನೆಕ್ಕಿ ನೋಡಿ ಸಪ್ಪಗಿದೆ ಎಂದರು. ನಾನೂ ಹಾಗೇ ಎಂದೆ, ಮಗಳೂ ಹಾಗೇ ಎಂದಳು. ಮರುಗಳಿಗೆಯಲ್ಲೇ ನಮ್ಮ ಫಜೀತಿ ನಮಗೆ ತಿಳಿಯಿತು. ಹುಟ್ಟಿದಾಗಿನಿಂದ ಖಾರದಲ್ಲಿ ಹದಗೊಂಡ ನಾಲಿಗೆಗಳು ನಮ್ಮವು. ನಮಗೆ ಸಪ್ಪಗಿದ್ದದ್ದು ಅವರನ್ನು ಸುಡಬಹುದು. ಮನೆಯಲ್ಲಿ ಖಾರ ತಿಳಿಯುವ ಬಾಯಿ ಇದ್ದದ್ದು ಅವರದೊಂದೇ.

ಅಂಗಡಿಯಿಂದ ಆಗಷ್ಟೇ ಬಂದು ಅವರು ಮುಂದಿನ ಕೋಣೆಯಲ್ಲಿ ಕೂತಿದ್ದರು. ಅತ್ತೆ ತಾವೇ ಎದ್ದು ಅಲ್ಲಿಗೆ ಹೋದರು.

"ನಾ ಒಂದ ತಪ್ಪು ಮಾಡೀನಪ್ಪಾ," ಎಂದರು. "ಕೋಳಿಗಿ ಖಾರ ಹಾಕಿ ಕೆಡಿಸಿದ್ದೆ. ತೊಳದೀನಿ. ಹ್ವಾತೋ ಇಲ್ಲೋ ನಮಗ ತಿಳಿವಲ್ದು. ನೀ ಬಂದು ಹೇಳ್ಬೇಕು."

ಕಡಾಯಿಯ ಸುತ್ತ ನಾವು ಮೂವರು ಹೆಂಗಸರು ನಿಂತೆವು. ಅವರು ಬಂದು ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ತಾಗಿಸಿಕೊಂಡರು. ಕಾದರು. ಆಮೇಲೆ ಒಂದು ತುಂಡು ಬಾಯಿಗಿಟ್ಟರು. ಅತ್ತೆ ನೀರಿನ ಚೊಂಬು ಎತ್ತಿ ಹಿಡಿದೇ ಇದ್ದರು.

"ಉರ್ಯಂಗಿಲ್ಲ," ಎಂದರು. ಅಗಿದು ನುಂಗಿ ಮತ್ತೆ ಹೇಳಿದರು, "ಚಲೋ ಅದ."

ನಾನು ಕಾಯಲಿಲ್ಲ. ಬಟ್ಟಲು ಕೊಟ್ಟರೆ ಮತ್ತೆ ಮುಂದಿನ ಕೋಣೆಗೆ ನಡೆದಾರೆಂದು ಗೊತ್ತಿತ್ತು. ನಾಲ್ಕೂ ತಾಟುಗಳನ್ನು ನೆಲದ ಮೇಲೆ ಸಾಲಾಗಿಟ್ಟು, ಬಿಸಿ ರೊಟ್ಟಿ ಹಾಕಿ, ಬಡಿಸಿಯೇಬಿಟ್ಟೆ. ಅವರು ತಾಟು ನೋಡಿದರು, ಬಾಗಿಲು ನೋಡಿದರು. ಮಗಳು ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಕೂತರು.

ಅಡುಗೆ ಹೇಗಿತ್ತು ಎಂದರೆ, ನನ್ನಾಣೆ, ರುಚಿಯಾಗಿಯೇ ಇತ್ತು. ಕೆನೆ ಹೀರಿಕೊಂಡ ಬಿಸಿ ರೊಟ್ಟಿ ಬಾಯಲ್ಲಿ ತಾನೇ ಕರಗುತ್ತಿತ್ತು. ಅತ್ತೆ ಮೊದಲ ತುತ್ತಿಗೆ ಮುಖ ಕಿವಿಚಿದರು, ಎರಡನೆಯದಕ್ಕೆ ಸುಮ್ಮನಾದರು, ಆಮೇಲೆ ತಾಟಿನಿಂದ ತಲೆ ಎತ್ತಲಿಲ್ಲ. ಎಷ್ಟು ನಿಧಾನವಾಗಿ ಉಂಡರೂ ನಮ್ಮ ಮೂವರ ತಾಟುಗಳು ಬರಿದಾದವು. ಅವರ ತಾಟಿನಲ್ಲಿ ಇನ್ನೂ ಅರ್ಧದಷ್ಟಿತ್ತು. ಸಣ್ಣ ತುತ್ತು, ನೀರು, ಸಣ್ಣ ತುತ್ತು, ನೀರು.

ಉಂಡ ಕೈ ಒಣಗಿಸಿಕೊಂಡು ಕೂರುವುದು ಅತ್ತೆಗೆ ಆಗದ ಮಾತು. ದರಿದ್ರ ಬರುತ್ತದೆ ಎಂದು, ನಾನು ಈ ಮನೆಗೆ ಬಂದ ಲಾಗಾಯ್ತಿನಿಂದ ಹೇಳುತ್ತಲೇ ಬಂದಿದ್ದಾರೆ. ಅವತ್ತು ಅವರು ಏಳಲಿಲ್ಲ. ಕೈಯನ್ನು ತಾಟಿನಲ್ಲೇ ಬಿಟ್ಟು, ಕೂತಿದ್ದಂತೆಯೇ ಕೂತರು. ಅವರು ಏಳದ್ದನ್ನು ನೋಡಿ ನಾನೂ ಏಳಲಿಲ್ಲ, ಮಗಳೂ ಏಳಲಿಲ್ಲ. ಬೆರಳುಗಳ ಮೇಲೆ ಕೆನೆ ಒಣಗಿ ಚರ್ಮ ಹಿಡಿಯುತ್ತಿತ್ತು.

ನಮ್ಮ ಮನೆಯವರಿಗೆ ಗೊತ್ತಾಯಿತು. ತುತ್ತು ಹಿಡಿದ ಕೈ ನಿಂತಿತು.

"ಏಳ್ರಿ, ಕೈ ತೊಳ್ಕೋರಿ. ನಂದು ಇನ್ನಾ ತಡ ಅದ."

"ಉಣ್ಣೋ," ಎಂದರು ಅತ್ತೆ. "ನಮಗೇನ ಬಸ್ ಹಿಡಿಯೂದದ?"

ಅವರು ತಲೆ ತಗ್ಗಿಸಿದರು. ಅತ್ತರೇನೋ ಎಂದುಕೊಂಡೆ. ಇಲ್ಲ, ನಗುತ್ತಿದ್ದರು. ತೆರೆಯುವಷ್ಟು ತೆರೆದ ಆ ಬಾಯಲ್ಲಿ, ತುಟಿಯ ಪಕ್ಕ ಕೆನೆ ಹತ್ತಿಸಿಕೊಂಡು, ಒರೆಸಿಕೊಳ್ಳದೆ ನಗುತ್ತಿದ್ದರು. ಆಮೇಲೆ ತಾಟನ್ನು ನನ್ನ ಕಡೆ ಸರಿಸಿದರು.

"ಹಂಗಾದ್ರ ಇನ್ನೊಂದ ಸೌಟು ಹಾಕು," ಎಂದರು. "ಕೂಡ್ರಿ ಎಲ್ಲಾರೂ."