ಕಂಡಕ್ಟರ್ ಪುಟ್ಟಸ್ವಾಮಿಯವರ ದನಿ

ಕಂಪ್ಯೂಟರಿನಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿಕೊಂಡೇ ಹದಿನೈದು ವರ್ಷ ಕೆಲಸ ಮಾಡಿದವನು ನಾನು. ಸರ್ವರ್‌ಗೆ ಯಾರದೋ ದೃಷ್ಟಿ ತಗುಲಿದೆ ಎಂದು ಯಾರಾದರೂ ತಮಾಷೆ ಮಾಡಿದರೆ, ಮೊದಲು ಕೇಬಲ್ ನೋಡಿ ಎನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಈ ಒಂದು ಸಂಗತಿಗೆ ನನ್ನಲ್ಲಿ ಉತ್ತರವಿಲ್ಲ. ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆರ್.ಟಿ. ನಗರದಲ್ಲಿ, ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ಸಣ್ಣ ಕ್ಲಿನಿಕ್ ಒಂದರ ಕಂಪ್ಯೂಟರುಗಳನ್ನು ಆಗ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಪ್ರತಿಯೊಬ್ಬರ ದನಿಯನ್ನೂ ರೆಕಾರ್ಡ್ ಮಾಡಿ ಸರ್ವರ್‌ನಲ್ಲಿ ಇಡುತ್ತಿದ್ದರು. ಭಾನುವಾರ ಮಧ್ಯಾಹ್ನ ಎಲ್ಲದರ ಬ್ಯಾಕಪ್ ಇನ್ನೊಂದು ಡಿಸ್ಕಿಗೆ ಹೋಗಬೇಕು. ಹಳೆಯ ಬ್ಯಾಕಪ್ ಡಿಸ್ಕ್ ಸುಟ್ಟುಹೋಗಿ ಹೊಸದನ್ನು ಹಾಕಿದ್ದೆ. ಆಮೇಲೆ ಮೂರು ವಾರವೂ ಬ್ಯಾಕಪ್ ಒಂದೇ ಫೈಲಿನ ಹತ್ತಿರ ಬಂದು ನಿಂತುಬಿಟ್ಟಿತು. ಸರ್ವರನ್ನು ಪರೀಕ್ಷಿಸಿದೆ, ದೋಷವಿರಲಿಲ್ಲ. ಫೈಲ್ ಮಾತ್ರ ಕೆಟ್ಟಿತ್ತು. ತೆರೆದರೆ ಏನೂ ಕೇಳುತ್ತಿರಲಿಲ್ಲ.

ಅಳಿಸಿಬಿಡಲೇ ಎಂದು ಅಲ್ಲಿನ ಥೆರಪಿಸ್ಟ್ ನಸ್ರೀನ್ ಅವರನ್ನು ಕೇಳಿದೆ. ಅವರ ಮುಖ ಸಪ್ಪಗಾಯಿತು.

"ಬೇಡ ಸರ್. ಆ ಅಂಕಲ್ ದನಿ ಅಂತ ಉಳ್ದಿರೋದು ಅದೊಂದೇ."

ಅಂಕಲ್ ಎಂದರೆ ಬಾಗಲಗುಂಟೆಯ ಪುಟ್ಟಸ್ವಾಮಿ, ನಿವೃತ್ತ ಬಸ್ ಕಂಡಕ್ಟರು. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮುಂಚಿನ ವಾರ, ಆಗಿದ್ದ ಇನ್ನೊಬ್ಬ ಥೆರಪಿಸ್ಟ್ ಮಾಡಿದ್ದ ರೆಕಾರ್ಡಿಂಗ್ ಅದು. ನಸ್ರೀನ್ ಕೆಲಸಕ್ಕೆ ಸೇರಿದ್ದು ಆಪರೇಷನ್ ಆದ ಎಷ್ಟೋ ತಿಂಗಳ ಮೇಲೆ. ಅನ್ನನಾಳದಿಂದ ಗಾಳಿ ತಂದು ಮಾತಾಡುವುದನ್ನು ಒಂದು ವರ್ಷದಿಂದ ಹಟ ಹಿಡಿದು ಅವರಿಗೆ ಕಲಿಸುತ್ತಿದ್ದರು. ಒಂದು ಪದವೂ ಬಂದಿರಲಿಲ್ಲ. ಏನು ಹೇಳಬೇಕಾದರೂ ಅವರು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು.

ಅಳಿಸದೆ, ಆ ಫೈಲೊಂದನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೆಗೆದುಕೊಳ್ಳುವಂತೆ ಮಾಡಿದೆ. ಆ ಭಾನುವಾರ ಬ್ಯಾಕಪ್ ತಡೆಯಿಲ್ಲದೆ ಮುಗಿಯಿತು.

ಸೋಮವಾರ ಬೆಳಗ್ಗೆ ಹೊಸ ಡಿಸ್ಕ್ ತೆರೆದರೆ, ಬಿಟ್ಟಿದ್ದ ಫೈಲ್ ಅಲ್ಲಿತ್ತು. ಪಕ್ಕದಲ್ಲಿ ನಸ್ರೀನ್ ಇದ್ದರು. ಪ್ಲೇ ಒತ್ತಿದೆ. ಕಂಚಿನಂಥ ದನಿ ಒಂದರಿಂದ ಹತ್ತರವರೆಗೆ ಎಣಿಸಿತು. ಆಮೇಲೆ ಯಶವಂತಪುರ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಎಂದು ಸ್ಟಾಪುಗಳನ್ನು ಕೂಗಿತು. ನಂತರ ಅದೇ ದನಿ, ತೀರ ಮೆತ್ತಗೆ:

"ನಸ್ರೀನಮ್ಮ, ಸುಸ್ತಾಗಿದೆ ಕಣಮ್ಮ. ಇನ್ನು ಸಾಕು ಮಾಡೋಣ."

"ಆಯ್ತು ಅಂಕಲ್," ಎಂದುಬಿಟ್ಟರು ನಸ್ರೀನ್, ಎದುರಿಗೇ ಕೂತವರಿಗೆ ಹೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. ರೆಕಾರ್ಡ್ ಆದಾಗ ಆ ಹೆಸರಿನವರು ಯಾರೂ ಅಲ್ಲಿರಲಿಲ್ಲ. ಅವರ ಹೆಸರು ಪುಟ್ಟಸ್ವಾಮಿಯವರಿಗೆ ಗೊತ್ತಾಗುವ ಹೊತ್ತಿಗೆ, ಹಾಗೆ ಕರೆಯಲು ಅವರಲ್ಲಿ ದನಿಯೇ ಇರಲಿಲ್ಲ.

ಅಂದು ಹನ್ನೊಂದು ಗಂಟೆಗೆ ಪುಟ್ಟಸ್ವಾಮಿ ಹೆಂಡತಿ ಜಯಮ್ಮನವರ ಜೊತೆ ಎಂದಿನಂತೆ ಬಂದರು. ಕೇಳಿಸುವುದೋ ಬೇಡವೋ ಎಂದು ನಾವಿಬ್ಬರೂ ಅನುಮಾನಿಸಿ, ಕೊನೆಗೆ ಕೇಳಿಸಿದೆವು. ಸ್ಟಾಪುಗಳ ಹೆಸರು ಬಂದಾಗಲೇ ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೊನೆಯ ಮಾತು ಬಂದಾಗ ಪುಟ್ಟಸ್ವಾಮಿ ಕತ್ತಿನ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನೋಟ್‌ಬುಕ್ ತೆಗೆದು, 'ದನಿ ನನ್ನದೇ. ಇದನ್ನು ನಾನು ಹೇಳಿಲ್ಲ' ಎಂದು ಬರೆದರು.

ಯಾರಾದರೂ ಆ ಮಾತನ್ನು ಕಂಪ್ಯೂಟರಿನಲ್ಲಿ ಜೋಡಿಸಿರಬಹುದು ಎಂದು ನಾನೇ ಆಮೇಲೆ ವಾದ ಮಾಡಿಕೊಂಡಿದ್ದೇನೆ. ಯಾರು, ಯಾಕೆ ಜೋಡಿಸುತ್ತಾರೆ? ಆ ಫೈಲು ನನ್ನ ಕಣ್ಣೆದುರೇ ಮೂರು ವಾರ ಕೆಟ್ಟು ಬಿದ್ದಿತ್ತು. ಡಿಸ್ಕನ್ನು ನನ್ನ ಹೊರತು ಯಾರೂ ಮುಟ್ಟಿರಲಿಲ್ಲ. ನನಗಿಂತ ಬಲ್ಲವರಿಗೂ ತೋರಿಸಿದೆ. ಅವರು ತಲೆ ಅಲ್ಲಾಡಿಸಿ ಹಿಂದಕ್ಕೆ ಕೊಟ್ಟರು.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಆ ದನಿಯಲ್ಲ. ಅಂದು ಪುಟ್ಟಸ್ವಾಮಿ ಪೆನ್ನು ಮುಚ್ಚಿಟ್ಟವರು ಮತ್ತೆ ತೆರೆದು, ಹೆಂಡತಿಗೆ ಕಾಣದಂತೆ ನೋಟ್‌ಬುಕ್ಕನ್ನು ನಸ್ರೀನ್ ಕಡೆ ತಿರುಗಿಸಿ, ಇನ್ನೊಂದು ಸಾಲು ಬರೆದಿದ್ದರು:

'ಹೇಳಬೇಕು ಅಂತ ದಿನಾ ಅನ್ನಿಸ್ತಿತ್ತು.'